ತವರುಮನೆಗೂ ಸಾಲ ಬೀಳದ ಹಾಗೆ ಬಾಣಂತನ

ಚೊಚ್ಚಲ ಹೆರಿಗೆಯ ಖರ್ಚು ತವರಿನವರದು ಅನ್ನೋ ಪದ್ಧತಿ ನಮ್ಮ ದಾವಣಗೆರೆ ಸೀಮೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಹಾಗಾಗಿ ಹೊಸದಾಗಿ ಅಪ್ಪ-ಅವ್ವ ಆದವರು "ನಮಗೆ ಒಂದು ಪೈಸೆ ಸಾಲ ಇಲ್ಲ" ಅಂದರೆ, ಆ ಸಾಲ ಹೊಳಲ್ಕೆರೆ ಕಡೆ ಯಾವುದೋ ಹಳ್ಳಿಯಲ್ಲಿ ಮಾವನ ಹೆಸರಲ್ಲಿ ಇರಬಹುದು. ಅತ್ತೆ ನಿದ್ದೆಗೆಟ್ಟು ಮಾಡುವ ಬಾಣಂತನದ ಋಣ ದುಡ್ಡಿಂದ ತೀರೋದಲ್ಲ, ಸರಿ. ಆದರೆ ಅವರನ್ನು ಬಡ್ಡಿಗೆ ತಳ್ಳದೇ ಇರೋದು ನಮ್ಮ ಕೈಯಲ್ಲಿದೆ. ಅದಕ್ಕೇ ನಾವು ಎರಡೂ ಮನೆಯ ಖರ್ಚನ್ನು ಒಂದೇ ಪುಸ್ತಕದಲ್ಲಿ ಬರೆದೆವು.

ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 36. ಐವತ್ತು ಸಾವಿರ ತಂದರೆ ತಿಂಗಳಿಗೆ 1,500 ಬರೀ ಬಡ್ಡಿ, ಅಸಲು ಕೂತಲ್ಲೇ ಕೂತಿರುತ್ತೆ. ಫೈನಾನ್ಸ್‌ನವರ "ಶೇ. 12 ಫ್ಲಾಟ್" ಕೇಳೋಕೆ ಚೆಂದ. ಕಂತು ಕಟ್ಟಿದಂತೆ ಅಸಲು ಇಳಿದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೇ ಹಾಕಿರ್ತಾರೆ. ಹನ್ನೆರಡು ಕಂತಿನ ಸಾಲದಲ್ಲಿ ನಿಜವಾದ ದರ ಶೇ. 21 ದಾಟುತ್ತೆ. ರೈತರ ಮನೆಯಲ್ಲಿ ಇನ್ನೊಂದು ಪೆಟ್ಟು ಇದೆ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲದಿರೋದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಮೆಕ್ಕೆಜೋಳ ಮಾರಿದ ದುಡ್ಡು ಬಾಣಂತನಕ್ಕೆ ಹೋಗಿ ಗಡುವು ಮೀರಿದರೆ ಆ ಅನುಕೂಲವೂ ಹೋಯ್ತು. ಮಾವನ ಸಾಲದ ಗಡುವು ಯಾವ ತಿಂಗಳು ಅಂತ ಮೊದಲೇ ತಿಳಿದುಕೊಳ್ಳಿ.

ಬಸಿರು ಗೊತ್ತಾದ ತಿಂಗಳಿಂದಲೇ ಬ್ಯಾಂಕಿನಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಶುರು ಮಾಡಬೇಕು. ಪೋಸ್ಟ್ ಆಫೀಸಿನದು ಐದು ವರ್ಷದ್ದು, ಈ ಕೆಲಸಕ್ಕೆ ಬರಲ್ಲ. ಹಲವು ಬ್ಯಾಂಕುಗಳಲ್ಲಿ ಆರು ತಿಂಗಳಿಗೂ ಸಿಗುತ್ತೆ. ತಿಂಗಳಿಗೆ 8,000ದಂತೆ ಏಳು ತಿಂಗಳಿಗೆ 56,000. ಲೆಕ್ಕ ಹಾಕುವಾಗ ಯಾವಾಗಲೂ ಸಿಸೇರಿಯನ್ ಖರ್ಚನ್ನೇ ಹಿಡಿಯಿರಿ. ಖಾಸಗಿ ಆಸ್ಪತ್ರೆಯಾದರೆ ಪ್ಯಾಕೇಜಿನಲ್ಲಿ ಏನು ಸೇರಿಲ್ಲ ಅಂತ ಕೇಳಬೇಕು. ಅರಿವಳಿಕೆ ಡಾಕ್ಟರ ಫೀ, ಮಕ್ಕಳ ಡಾಕ್ಟರ ವಿಸಿಟ್, ರಕ್ತ, ಔಷಧಿ ಸಾಮಾನ್ಯವಾಗಿ ಹೊರಗೇ ಇರ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಚಿಗಟೇರಿ ಆಸ್ಪತ್ರೆ ನಮ್ಮೂರಲ್ಲೇ ಇರುವಾಗ ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಮಾಡಿಸದೇ ಇರೋದು ದಡ್ಡತನ. ಖಾಸಗಿಯಲ್ಲಿ ತೋರಿಸುವವರೂ ಮಾಡಿಸಿಡಬೇಕು.

ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ಬರುತ್ತೆ. ಹೆಸರು ನೋಂದಾಯಿಸಿ ತಪಾಸಣೆ ಆದ ಮೇಲೆ 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಬಿಪಿಎಲ್ ಕಾರ್ಡೇ ಬೇಕಂತಿಲ್ಲ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೂ ಆಗುತ್ತೆ. ದುಡ್ಡು ಬೀಳೋದು ತಾಯಿಯ ಆಧಾರ್ ಜೋಡಿಸಿದ ಖಾತೆಗೆ. ಅವಳ ಹಳೇ ಖಾತೆ ತವರೂರಿನ ಬ್ಯಾಂಕಲ್ಲಿ ಮಲಗಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಬರುತ್ತೆ ಅಂತ ನೆಚ್ಚಿ ಖರ್ಚು ಮಾತ್ರ ಮಾಡಬೇಡಿ.

ಇನ್ನು ಕಷ್ಟದ್ದು, ಅಳಿಯನ ದುಡ್ಡು ಅತ್ತೆ-ಮಾವ ಮುಟ್ಟಲ್ಲ. ಕವರಿನಲ್ಲಿ ಕೊಟ್ಟರೆ ಅವಮಾನ ಅಂದುಕೊಳ್ತಾರೆ. ಸಾಮಾನಾಗಿ ಕೊಟ್ಟರೆ ಬೇಡ ಅನ್ನಲ್ಲ. ಅತ್ತೆಯ ಹತ್ತಿರ ಪಟ್ಟಿ ಬರೆಸಿಕೊಂಡು ಮಂಡಿಪೇಟೆಯಲ್ಲಿ ನಾವೇ ಕಟ್ಟಿಸಿದೆವು. ಅಂಟಿನ ಉಂಡಿಗೇ ಒಣಕೊಬ್ಬರಿ ಒಂದು ಕೆಜಿ, ಬೆಲ್ಲ ಒಂದು ಕೆಜಿ, ಉತ್ತತ್ತಿ ಅರ್ಧ ಕೆಜಿ, ತುಪ್ಪ ಅರ್ಧ ಕೆಜಿ, ಅಂಟು 200 ಗ್ರಾಂ, ಗಸಗಸೆ 100 ಗ್ರಾಂ. ಸದ್ದಿಲ್ಲದೆ ತವರಿನ ಜೇಬು ಖಾಲಿ ಮಾಡೋದು ಇವೇ. ಕೊಬ್ಬರಿ ಮುರಿದು ಮೂಸಿ ನೋಡಿ ತಗೊಳ್ಳಿ, ಕಮಟು ಬಂದಿದ್ದರೆ ಇಡೀ ಡಬ್ಬಿ ಕೆಡುತ್ತೆ. ಅಂಟನ್ನು ಸಣ್ಣ ಉರಿಯಲ್ಲಿ ತುಪ್ಪದಲ್ಲಿ ಒಳಗಿನವರೆಗೆ ಅರಳಿಸಬೇಕು, ಇಲ್ಲದಿದ್ದರೆ ಹಲ್ಲಿಗೆ ಅಂಟುತ್ತೆ. ಪಾಕ ಏರಿದರೆ ಉಂಡಿ ಕಲ್ಲಾಗಿ ಬಾಣಂತಿ ಕಚ್ಚೋಕಾಗಲ್ಲ. ಅದಕ್ಕೇ ಎಲ್ಲ ಒಟ್ಟಿಗೆ ಮಾಡದೆ ಎರಡು ಸಲಕ್ಕೆ ಮಾಡೋದು ವಾಸಿ. ಗ್ಯಾಸ್ ಸಿಲಿಂಡರ್, ಹಾಲಿನ ಲೆಕ್ಕ, ಎಣ್ಣೆ-ನೀರು ಹಾಕುವ ಅಜ್ಜಿಯ ಕೂಲಿ ಕೂಡ ಹೀಗೇ ನೇರ ಕೊಡಬಹುದು.

ಲಸಿಕೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. 6, 10, 14 ವಾರದ ಪೆಂಟಾವೇಲೆಂಟ್‌ಗೆ ಜ್ವರ ಬರೋದು ಹೆಚ್ಚು, ಖಾಸಗಿಯ "ನೋವಿಲ್ಲದ" ಸೂಜಿಗೆ ಕಡಿಮೆ. ರೋಗ ತಡೆಯೋದರಲ್ಲಿ ಸರ್ಕಾರಿಯದೇನೂ ಕಡಿಮೆಯಿಲ್ಲ. ಜ್ವರದ ಹನಿ ಮಗುವಿನ ತೂಕದ ಮೇಲೆ ಎಷ್ಟು ಅಂತ ಅಲ್ಲೇ ನರ್ಸಮ್ಮನ ಹತ್ತಿರ ಬರೆಸಿಕೊಂಡು ಬನ್ನಿ.

ಆಸ್ಪತ್ರೆಗಿಂತ ಸಾಲ ಮಾಡಿಸೋದು ಕುಬುಸ (ಸೀಮಂತ) ಮತ್ತು ತೊಟ್ಟಿಲು ಕಾರ್ಯ ಅನ್ನೋದು ನಮ್ಮ ಪುಸ್ತಕ ಹೇಳೋ ಮಾತು. ಕುಬುಸಕ್ಕೆ ಶಾಮಿಯಾನ ಬೇಡ ಅಂದೆವು. ತೊಟ್ಟಿಲಿಗೆ ಮುಯ್ಯಿ ಬಂದ ದುಡ್ಡು ಆದಾಯ ಅಲ್ಲ, ಅವರ ಮನೆ ಕಾರ್ಯಕ್ಕೆ ತಿರುಗಿ ಹೋಗೋದು. ಯಾರು ಎಷ್ಟು ಅಂತ ಬರೆದು, ಬೇರೆ ಖಾತೆಯಲ್ಲಿಟ್ಟು, ಅದರಿಂದಲೇ ಮುಯ್ಯಿ ತೀರಿಸಿದರೆ ಮುಂದೆ ಲಗ್ನಗಳ ಸೀಜನ್‌ನಲ್ಲಿ ಕೈಸಾಲ ಬೇಕಾಗಲ್ಲ. ಮಗುವಿಗೆ ಬಂಗಾರ ತಂದರೆ ಮೇಕಿಂಗ್, ಜಿಎಸ್‌ಟಿ ಎರಡೂ ಮಾರುವಾಗ ವಾಪಸ್ ಬರಲ್ಲ, ಮೇಲಾಗಿ ಎಳೇ ಬೆರಳಿನ ಉಂಗುರ ಬೇಗ ಬಿಗಿಯಾಗುತ್ತೆ. ಬೆಳ್ಳಿ ಉಡದಾರ ಒಂದೇ ಸಾಕು.

ಇದನ್ನೆಲ್ಲ ಬೀಗರಿಗೆ ಅಳಿಯ ಹೇಳಿದರೆ ಸಿಟ್ಟು, ಮಗಳು ಹೇಳಿದರೆ ಸಂಕಟ. ಹೇಳಬೇಕಾದವರು ಗಂಡಿನ ತಾಯಿ. "ಬೀಗ್ರೇ, ತೊಟ್ಲು ನಮ್ಮನಿಯಾಗೇ ಐತಿ, ಕೂಸಿಗೆ ಬಂಗಾರ ಗಿಂಗಾರ ತರಬ್ಯಾಡ್ರಿ" ಅಂತ ಏಳನೇ ತಿಂಗಳೊಳಗೇ, ಅವರು ಅಕ್ಕಸಾಲಿಗೆ ಅಡ್ವಾನ್ಸ್ ಕೊಡುವ ಮುಂಚೆ, ಫೋನಿನಲ್ಲಲ್ಲ, ಮನೆಗೇ ಹೋಗಿ ಹೇಳಬೇಕು.