ಸಂಘದ ಸದಸ್ಯನಾಗಿ ನಾನು ಕೇಳಿದ ಮೊದಲ ಪ್ರಶ್ನೆ

ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ಇತಿಹಾಸದ ಅಧ್ಯಾಪಕರಿಗೆ ಸಂದೇಹ ಬಂದರೆ ಅದೇ ವಿಭಾಗದಲ್ಲಿ ಕೇಳಲು ಇನ್ನೊಬ್ಬರಿರುತ್ತಾರೆ. ಗ್ರಂಥಪಾಲಕನೋ ಇಡೀ ಕಾಲೇಜಿಗೆ ಒಬ್ಬನೇ. ಕೆಲಸಕ್ಕೆ ಸೇರಿ ಹಲವು ವರ್ಷ ಕಳೆದ ಮೇಲೆ ವೃತ್ತಿಯ ಸಂಘವೊಂದಕ್ಕೆ ಅರ್ಜಿ ಹಾಕಲು ಕಾರಣ ಈ ಒಂಟಿತನವೇ ಹೊರತು ಪ್ರಮಾಣಪತ್ರದ ಆಸೆಯಲ್ಲ.

ಸದಸ್ಯತ್ವ ಪಡೆಯುವುದು ಕಷ್ಟವಾಗಲಿಲ್ಲ. ಅರ್ಜಿ, ಪದವಿಯ ನಕಲು, ಭಾವಚಿತ್ರ, ಶುಲ್ಕ ಮತ್ತು ಈಗಾಗಲೇ ಸದಸ್ಯರಾಗಿರುವ ಒಬ್ಬರ ಸಹಿ, ಇಷ್ಟೇ ಬೇಕಿತ್ತು. ಆಜೀವ ಸದಸ್ಯತ್ವದ ಶುಲ್ಕವನ್ನು ಒಮ್ಮೆಲೇ ಕಟ್ಟದೆ ಮೊದಲ ವರ್ಷ ವಾರ್ಷಿಕ ಸದಸ್ಯನಾಗಿಯೇ ಉಳಿದೆ. ಸಭೆಗಳಲ್ಲಿ ಕೆಲಸದ ಮಾತು ಎಷ್ಟು, ಹಾರತುರಾಯಿ ಎಷ್ಟು ಎಂಬುದು ಒಂದು ವರ್ಷ ಕುಳಿತು ನೋಡದೆ ತಿಳಿಯುವುದಿಲ್ಲ.

ನನ್ನ ಸಮಸ್ಯೆ ಲೇಖಕರ ಹೆಸರಿನದು. ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ತುಂಬಿಸಲು ಗುತ್ತಿಗೆ ಪಡೆದಿದ್ದವರು ಪ್ರತಿಯೊಬ್ಬ ಲೇಖಕರಿಗೂ ಒಂದು ಕುಲನಾಮ ಇದ್ದೇ ಇರುತ್ತದೆಂದೂ ಅದು ಹೆಸರಿನ ಮೊದಲಿಗೇ ಬರುತ್ತದೆಂದೂ ಭಾವಿಸಿದ್ದರು. ಅದರಿಂದ 'ಕೆ.ವಿ.' ಎಂಬುದೇ ಪುಟ್ಟಪ್ಪನವರ ಕುಲನಾಮವಾಗಿತ್ತು. 'ಡ' ಅಕ್ಷರದ ಕೆಳಗೆ ಡಾಕ್ಟರೇಟ್ ಪಡೆದವರೆಲ್ಲ ಸಾಲಾಗಿ ನಿಂತಿದ್ದರು.

ಮೊದಲ ಸಭೆಯಲ್ಲಿಯೇ ಎದ್ದು ನಿಂತು, ಕನ್ನಡ ಲೇಖಕರ ಹೆಸರನ್ನು ಹೇಗೆ ದಾಖಲಿಸಬೇಕು ಎಂದು ಕೇಳಿದೆ. ಒಬ್ಬರು ನಿಯಮಗಳನ್ನು ಓದಿ ಎಂದರು, ಉಳಿದವರು ಸುಮ್ಮನಿದ್ದರು. ನನಗೆ ಅವಮಾನವೆನಿಸಿತು. ಊಟದ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ಹತ್ತಿರ ಕರೆದು, "ಪ್ರಶ್ನೆ ತಂದಿದ್ದೀರಿ, ಪುಸ್ತಕ ತಂದಿಲ್ಲವಲ್ಲ ಸ್ವಾಮಿ" ಎಂದರು. ಅವರ ಮಾತು ಸರಿಯಾಗಿತ್ತು.

ಮುಂದಿನ ಸಭೆಗೆ 12 ಶೀರ್ಷಿಕೆ ಪುಟಗಳ ನಕಲನ್ನೂ ಅವಕ್ಕೆ ಎದುರಾಗಿ ನಮ್ಮ ಸೂಚಿಯಲ್ಲಿದ್ದ ನಮೂದುಗಳನ್ನೂ ಒಯ್ದೆ. ಅಂದು ನಡೆದ ಚರ್ಚೆಯಲ್ಲಿ ನಾನು ಕಲಿತದ್ದು ಪದವಿಯ ಎರಡು ವರ್ಷಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಕೊನೆಯದು ಮನೆತನದ ಹೆಸರು; ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ನಡುವಿನದು ತಂದೆ, ಕೊನೆಯದು ಸ್ವಂತ ಹೆಸರು. ನಮ್ಮ ವೃತ್ತಿಯ ಹಿರಿಯರಾದ, 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದ ಎಸ್.ಆರ್. ರಂಗನಾಥನ್ ಅವರಿಗೂ ಕುಲನಾಮವಿಲ್ಲ: ಶಿಯಾಳಿ ಊರು, ರಾಮಾಮೃತ ತಂದೆ. ಇದನ್ನು ಸದಸ್ಯೆಯೊಬ್ಬರು ನೆನಪಿಸಿದಾಗ ಸಭೆಯಲ್ಲಿ ನಗು ಎದ್ದಿತು. ಎರಡೂ ಬಗೆಯ ಹೆಸರುಗಳಲ್ಲಿ ಕೊನೆಯ ಪದದಿಂದಲೇ ನಮೂದು ಆರಂಭವಾಗುವುದಾದರೂ ಕಾರಣ ಬೇರೆ ಬೇರೆ ಎಂಬುದನ್ನು ತಿಳಿಯದಿದ್ದರೆ, ಇನಿಷಿಯಲ್ಲುಗಳು ಕೊನೆಗೆ ಅಚ್ಚಾದ ಹೆಸರು ಬಂದಾಗ ತಪ್ಪುವುದು ಖಂಡಿತ.

ಕಾವ್ಯನಾಮದ ವಿಷಯದಲ್ಲಿ ಒಮ್ಮತ ಮೂಡಲಿಲ್ಲ. ಓದುಗರು ಕೇಳುವುದು ಕುವೆಂಪು ಎಂದೇ ಆದ್ದರಿಂದ ಅದೇ ಮುಖ್ಯ ನಮೂದಾಗಲಿ ಎಂದು ಹಲವರು, ಪುಟದಲ್ಲಿ ಅಚ್ಚಾದಂತೆಯೇ ಇರಲಿ ಎಂದು ಕೆಲವರು ವಾದಿಸಿದರು. ನಾನು ಮೊದಲಿನವರ ಪಕ್ಷ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದ ಅಧಿಕೃತ ಹೆಸರುಗಳ ಕಡತದಲ್ಲಿ, ಮುಖ್ಯ ಹೆಸರಿಗೆ ಮೀಸಲಾದ 100ನೆಯ ಕ್ಷೇತ್ರಕ್ಕೆ ಕುವೆಂಪು ಎಂದೂ ಅದರತ್ತ ಕಳುಹಿಸುವ ಬೇರೆ ಹೆಸರಿಗೆ ಮೀಸಲಾದ 400ನೆಯ ಕ್ಷೇತ್ರಕ್ಕೆ ಪುಟ್ಟಪ್ಪ, ಕೆ.ವಿ. ಎಂದೂ ಹಾಕಿದೆ. ಅನಸೂಯಾ ಶಂಕರ್ ಎಂದು ಹುಡುಕಿದವರನ್ನು ತ್ರಿವೇಣಿಯವರತ್ತ ಕಳುಹಿಸುವ ವ್ಯವಸ್ಥೆಯೂ ಹೀಗೆಯೇ ಆಯಿತು.

ಎರಡನೆಯ ವರ್ಷ ಆಜೀವ ಶುಲ್ಕ ಕಟ್ಟಿದೆ. ಊಟದ ಹೊತ್ತಿನಲ್ಲಿ ನನ್ನನ್ನು ಕರೆದ ಆ ಹಿರಿಯರು ಮಾತ್ರ ಕುವೆಂಪು ಎಂಬ ಮುಖ್ಯ ನಮೂದನ್ನು ಇನ್ನೂ ಒಪ್ಪಿಲ್ಲ. ಮುಂದಿನ ಸಭೆಗೆ ಅವರೇ ಶೀರ್ಷಿಕೆ ಪುಟಗಳ ನಕಲು ತರುವರಂತೆ.