ಮೈ ಹಗುರಾದ ದಿನವೇ ನಾನು ಎಡವುತ್ತಿದ್ದೆ

ಬೆಳಿಗ್ಗೆ ಎದ್ದರೆ ಮೈಯೆಲ್ಲ ಹೊಡೆಸಿಕೊಂಡ ಹಾಗೆ ನೋವು. ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗೇ ಇರುತ್ತಿರಲಿಲ್ಲ. ಕೈ ಮೇಲೆತ್ತಿ ತಲೆ ಬಾಚುವಷ್ಟರಲ್ಲಿ ಭುಜ ಸೋತುಹೋಗಿ, ಅರ್ಧ ಜಡೆ ಹೆಣೆದು ಮಂಚದ ಮೇಲೆ ಕೂತುಬಿಡುತ್ತಿದ್ದೆ.

ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಉರಿಯೂತ ನೋಡುವ ಇಎಸ್‌ಆರ್, ಸಂಧಿವಾತ ನೋಡುವ ಆರ್‌ಎ ಫ್ಯಾಕ್ಟರ್, ಈ ರಕ್ತ ಪರೀಕ್ಷೆಗಳೆಲ್ಲ ಮಾಡಿಸಿದೆವು. ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ರಿಪೋರ್ಟ್ ಮಡಚಿ ಕೊಟ್ಟು, "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ" ಅಂದರು. ಆಟೋದಲ್ಲಿ ಮನೆ ತಲುಪುವವರೆಗೂ ಅತ್ತೆ. ರಿಪೋರ್ಟಿನಲ್ಲಿ ಕಾಣದಿದ್ದರೆ ನೋವು ಸುಳ್ಳಾಗುತ್ತದೆಯೇ?

ಎರಡು ವರ್ಷದ ಮೇಲೆ ಇನ್ನೊಬ್ಬ ಡಾಕ್ಟರು ಇದು ಫೈಬ್ರೊಮಯಾಲ್ಜಿಯಾ ಅಂದರು. ನೋವನ್ನು ಗ್ರಹಿಸುವ ನರಗಳು, ಮಿದುಳು ಜಾಸ್ತಿ ಸೂಕ್ಷ್ಮವಾಗಿರುತ್ತವೆ, ಇದನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ, ಆದರೆ ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಆ ಪರೀಕ್ಷೆಗಳೆಲ್ಲ ಬೇಕಿತ್ತು ಅಂತ ಬಿಡಿಸಿ ಹೇಳಿದರು. ನೋವಿಗೆ, ನಿದ್ದೆಗೆ ಅಂತ ರಾತ್ರಿಗೆ ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್ ಅನ್ನುವ ಮಾತ್ರೆ ಕೊಟ್ಟರು. ನಿದ್ದೆ ಸ್ವಲ್ಪ ಸುಧಾರಿಸಿತು. ಸುಸ್ತು ಹೋಗಲಿಲ್ಲ.

ದಾರಿ ಸಿಕ್ಕಿದ್ದು ಮಗಳ ಹಳೇ ನೋಟ್‌ಬುಕ್ಕಿನಲ್ಲಿ. ದಿನಾ ಏನು ಮಾಡಿದೆ, ಎಷ್ಟು ಹೊತ್ತು, ನೋವು ಹತ್ತಕ್ಕೆ ಎಷ್ಟು, ಇಷ್ಟೇ ಬರೆಯುತ್ತಿದ್ದೆ. ಆ ಯುಗಾದಿಗೆ ಮೈ ಹಗುರಾಗಿತ್ತು. ಇವತ್ತು ಆಗುತ್ತಲ್ವಾ ಅಂತ ಮನೆಯೆಲ್ಲ ತೊಳೆದು, ಕಣಕ ನಾದಿ, ನಿಂತುಕೊಂಡೇ ಮೂವತ್ತು ಹೋಳಿಗೆ ಬೇಯಿಸಿದೆ. ಮಾರನೇ ದಿನ ಪರವಾಗಿಲ್ಲ. ಮೂರನೇ ದಿನ ಕಾಫಿ ಲೋಟ ಹಿಡಿಯಲು ಎರಡೂ ಕೈ ಬೇಕಾಯಿತು. ನೋಟ್‌ಬುಕ್ ಹಿಂದಕ್ಕೆ ತಿರುವಿದರೆ ಪ್ರತೀ ಸಲವೂ ಇದೇ ಕಥೆ. ಪೆಟ್ಟು ಎರಡು ದಿನ ತಡವಾಗಿ ಬೀಳುತ್ತಿತ್ತು, ಅದಕ್ಕೇ ನನಗೆ ಕಾರಣ ತಿಳಿದಿರಲಿಲ್ಲ.

ಆಮೇಲೆ ಲೆಕ್ಕ ಬದಲಾಯಿಸಿದೆ. ಕೆಟ್ಟ ದಿನದಲ್ಲಿ ಎಷ್ಟು ಆಗುತ್ತದೋ ಅಷ್ಟೇ ಒಳ್ಳೆ ದಿನದಲ್ಲೂ. ಇಪ್ಪತ್ತು ನಿಮಿಷ ಕೆಲಸ, ಹದಿನೈದು ನಿಮಿಷ ಕಣ್ಣು ಮುಚ್ಚಿ ಮಲಗುವುದು. ಮೊಬೈಲ್ ನೋಡುತ್ತಾ ಮಲಗಿದರೆ ಅದು ವಿಶ್ರಾಂತಿಯಲ್ಲ, ನನಗಂತೂ ಅಲ್ಲ. ಅಲಾರಂ ಹೊಡೆದಾಗ ಅರ್ಧ ಹೆಚ್ಚಿದ ಬೀನ್ಸ್ ಹಾಗೇ ಬಿಟ್ಟು ಏಳುವುದು ತುಂಬಾ ಕಷ್ಟ. ಇನ್ನೊಂದು ಹಿಡಿ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆ ಒಂದು ಹಿಡಿಯಲ್ಲೇ ನಾನು ವರ್ಷಗಟ್ಟಲೆ ಸೋತಿದ್ದೆ. ಅಡುಗೆಮನೆಗೆ ಎತ್ತರದ ಸ್ಟೂಲ್ ಬಂತು, ಸ್ನಾನಕ್ಕೂ ಒಂದು ಸ್ಟೂಲ್, ಮುದ್ದೆ ತೊಳಸುವುದು ಗಂಡನ ಪಾಲಿಗೆ.

ವಾಕಿಂಗ್ ಮಾಡಿ ಸರಿ ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಫೈಬ್ರೊಮಯಾಲ್ಜಿಯಾಕ್ಕೆ ಹಗುರ ವ್ಯಾಯಾಮ ಒಳ್ಳೆಯದೇ. ನಾನು 5 ನಿಮಿಷದಿಂದ ಶುರು ಮಾಡಿ 15ಕ್ಕೆ ಬರಲು ಏಳು ತಿಂಗಳು ಹಿಡಿಯಿತು. ಆದರೆ ಸ್ವಲ್ಪ ದುಡಿದರೂ ಕುಸಿದು ಬೀಳುವ ಎಂಇ/ಸಿಎಫ್‌ಎಸ್ ಅನ್ನುವ ಕಾಯಿಲೆಯೇ ಬೇರೆ. ಅದಕ್ಕೆ ಹಂತಹಂತವಾಗಿ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆ ಕೊಡಬೇಡಿ ಅಂತ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲೇ ಹೇಳಿದೆ. ಸುಮ್ನೆ ಯಾರನ್ನೂ ಓಡಿಸಬೇಡಿ, ನಿಮ್ಮದು ಯಾವುದು ಅಂತ ಡಾಕ್ಟರ ಹತ್ತಿರ ಮೊದಲು ಕೇಳಿ.

ನೋವು ಈಗಲೂ ಇದೆ. ಈ ಸಲದ ಗೌರಿ ಹಬ್ಬಕ್ಕೆ ಹನ್ನೆರಡೇ ಹೋಳಿಗೆ. ಹಿಂದಿನ ದಿನ ಹೂರಣ, ಹಬ್ಬದ ದಿನ ಸ್ಟೂಲ್ ಮೇಲೆ ಕೂತು ತಟ್ಟಿದೆ, ಮಗಳು ಬೇಯಿಸಿದಳು. ಮೂರನೇ ದಿನ ಎದ್ದು ನಾನೇ ಜಡೆ ಹಾಕಿಕೊಂಡೆ, ಪೂರ್ತಿ.