ಫ್ಲೈಟ್ ಸಿಮ್‌ನಲ್ಲಿ ವೈರ್‌ಲೆಸ್ ವಿಆರ್ ತಡೆತಡೆದು ಬರ್ತಿದ್ರೆ ಕೇಬಲ್ ನೋಡಿ

ಕ್ವೆಸ್ಟ್ 3 ವಿಆರ್ ಹೆಡ್‌ಸೆಟ್ ಹಾಕಿಕೊಂಡು ಪಿಸಿಯಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾರಿಸುವಾಗ ತಲೆ ತಿರುಗಿಸಿದರೆ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತಿತ್ತು, ಆಲ್ಟಿಮೀಟರ್ ಅಂಕಿಗಳು ಕಲಸಿಹೋಗುತ್ತಿದ್ದವು.

ಗ್ರಾಫಿಕ್ಸ್ ಕಮ್ಮಿ ಮಾಡಿದೆ, ಡ್ರೈವರ್ ಮತ್ತೆ ಹಾಕಿದೆ, ರೂಟರ್ ಪಕ್ಕದಲ್ಲೇ ಕೂತೆ. ಏನೂ ಬದಲಾಗಲಿಲ್ಲ. ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಚಿತ್ರದ ಡೇಟಾ) 50 ಎಂಬಿಪಿಎಸ್‌ಗೆ ಇಳಿಸಿದರೆ ಸರಾಗ, ಆದರೆ ಮೀಟರ್‌ಗಳೇ ಓದೋಕಾಗಲ್ಲ.

ಪಿಸಿಯ ಚಿತ್ರವನ್ನು ವೈಫೈ ಮೂಲಕ ಹೆಡ್‌ಸೆಟ್‌ಗೆ ಕಳಿಸೋದು ವರ್ಚುವಲ್ ಡೆಸ್ಕ್‌ಟಾಪ್ ಆ್ಯಪ್. ಸುಳಿವು ಸಿಕ್ಕಿದ್ದು ಅದರ ಪರ್ಫಾರ್ಮೆನ್ಸ್ ಓವರ್‌ಲೇಯಲ್ಲಿ, ಅಂದರೆ ಚಿತ್ರದ ಮೇಲೇ ಕಾಣುವ ಅಂಕಿಗಳಲ್ಲಿ. ಅದು ಗೇಮ್, ಎನ್‌ಕೋಡಿಂಗ್ (ಪಿಸಿ ಚಿತ್ರ ಕುಗ್ಗಿಸೋದು), ನೆಟ್‌ವರ್ಕ್, ಡಿಕೋಡಿಂಗ್ (ಹೆಡ್‌ಸೆಟ್ ಅದನ್ನು ಬಿಚ್ಚೋದು) ಎಲ್ಲದರ ತಡವನ್ನೂ ಬೇರೆ ಬೇರೆಯಾಗಿ ತೋರಿಸುತ್ತೆ. ನೆಟ್‌ವರ್ಕ್ ಒಂದೇ ಎಗರುತ್ತಿತ್ತು. ಪಿಸಿಯಿಂದ ರೂಟರ್‌ವರೆಗೆ ಚಿತ್ರ ಹೋಗೋದು ಕೇಬಲ್‌ನಲ್ಲೇ, ವಿಂಡೋಸ್ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಅದರ ಲಿಂಕ್ ಸ್ಪೀಡ್ 100/100 ಎಂಬಿಪಿಎಸ್ ಅಂತಿತ್ತು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್‌ನ ಎಂಟೂ ತಂತಿ ಬೇಕು. ಒಂದು ಜೋಡಿ ಕೈಕೊಟ್ಟರೂ ಲಿಂಕ್ 100ಕ್ಕೆ ಇಳಿಯಬಹುದು, ಸುಮ್ನೆ ಬ್ರೌಸ್ ಮಾಡುವಾಗ ಇದು ಗೊತ್ತೇ ಆಗಲ್ಲ.

ಪಿಸಿಯಿಂದ ರೂಟರ್‌ಗೆ ಹೊಸ ಕ್ಯಾಟ್ 6 ಕೇಬಲ್ ಹಾಕಿದೆ, 1000/1000 ಬಂತು. ಉಳಿದದ್ದು ಇದೇ ಕ್ರಮದಲ್ಲಿ ಮಾಡಿ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ, ಚಾನೆಲ್ 36, ಅಗಲ 80 ಮೆಗಾಹರ್ಟ್ಸ್. ಆಟೋ ಬೇಡ, ಯಾಕೆಂದರೆ 52ರ ಮೇಲಿನ ಕೆಲವು ಚಾನೆಲ್‌ಗಳಲ್ಲಿ ರೇಡಾರ್ ಸಿಗ್ನಲ್ ಕಂಡರೆ ರೂಟರ್ ತಾನೇ ಚಾನೆಲ್ ಬದಲಿಸಿಬಿಡುತ್ತೆ, ಲ್ಯಾಂಡಿಂಗ್ ಮಧ್ಯೆ ಚಿತ್ರ ನಿಂತರೆ ಕಷ್ಟ ಅಲ್ವಾ. ಈ 5 ಗಿಗಾಹರ್ಟ್ಸ್ ವೈಫೈಗೆ ಹೆಡ್‌ಸೆಟ್ ಒಂದೇ ಸೇರಲಿ. ಫೋನ್, ಟಿವಿ ಎಲ್ಲ 2.4ರಲ್ಲಿ.

ಪಿಸಿಯಲ್ಲಿರುವ ವರ್ಚುವಲ್ ಡೆಸ್ಕ್‌ಟಾಪ್ ಸ್ಟ್ರೀಮರ್‌ನಲ್ಲಿ ಓಪನ್‌ಎಕ್ಸ್‌ಆರ್ ರನ್‌ಟೈಮ್ (ಸಿಮ್ ಮತ್ತು ಹೆಡ್‌ಸೆಟ್ ನಡುವಿನ ಕೊಂಡಿ) ವಿಡಿಎಕ್ಸ್‌ಆರ್ ಮತ್ತು ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಹೆಚ್‌ಇವಿಸಿ 10 ಬಿಟ್ ಆರಿಸಿ. ಹೆಡ್‌ಸೆಟ್‌ನಲ್ಲಿ ಸೆಕೆಂಡಿಗೆ 72 ಫ್ರೇಮ್, ಬಿಟ್‌ರೇಟ್ 120 ಎಂಬಿಪಿಎಸ್. ಹೆಡ್‌ಸೆಟ್ ಕನೆಕ್ಟ್ ಆದಮೇಲೆ ಸಿಮ್ ಶುರು ಮಾಡಿ, ಕಾಕ್‌ಪಿಟ್ ಬಂದಮೇಲೆ ವಿಆರ್‌ಗೆ ಹೋಗೋಕೆ ಕಂಟ್ರೋಲ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿ. ನೋಟ ಓರೆಯಾಗಿದ್ದರೆ ಸ್ಪೇಸ್‌ಬಾರ್ ಒತ್ತಿ ಸರಿಮಾಡಿಕೊಳ್ಳಿ.